ಬೆಲೆಯ ಮಾತು ಎತ್ತಬೇಡಿ ಎಂದವನು

ಕಳೆದ ಮಳೆಗಾಲದ ಒಂದು ಶನಿವಾರ ಬೆಳಿಗ್ಗೆ ನನ್ನ ಗ್ಯಾರೇಜಿನ ಮುಂದಿನ ಹೊಂಗೆ ಮರದ ಕೆಳಗೆ ಇಬ್ಬರು ಬಂದು ನಿಂತರು. ಒಬ್ಬರು ಐವತ್ತು ದಾಟಿದವರು, ಮೈಸೂರಿನವರೇ. ಮಾರಲೆಂದು ತಮ್ಮ ಇಂಟರ್‌ಸೆಪ್ಟರ್ 650 ಬೈಕ್ ತಂದಿದ್ದರು. ಇನ್ನೊಬ್ಬ ಹಾಸನದಿಂದ ಮೊದಲ ಬಸ್ಸಿಗೆ ಹೊರಟು ಬಂದ ಹುಡುಗ. ಕೊಳ್ಳುವ ಮೊದಲು ಗಾಡಿಯನ್ನು ಮೆಕ್ಯಾನಿಕ್ ಒಬ್ಬರಿಗೆ ತೋರಿಸಬೇಕೆಂಬ ತಿಳಿವಳಿಕೆ ಅವನಿಗಿತ್ತು. ನಾನು ಮುಕ್ಕಾಲು ಗಂಟೆ ನೋಡಿದೆ. ಎಂಜಿನ್ ಸದ್ದು ಸರಿಯಾಗಿತ್ತು, ಫ್ರೇಮ್ ಬಾಗಿರಲಿಲ್ಲ, ಫ್ರೇಮ್ ಮೇಲೆ ಕೊರೆದ ಚಾಸಿ ನಂಬರ್ ಆರ್‌ಸಿಗೆ, ಅಂದರೆ ನೋಂದಣಿ ಪತ್ರಕ್ಕೆ, ಅಕ್ಷರಶಃ ಹೊಂದುತ್ತಿತ್ತು. "ಗಾಡಿ ಚೆನ್ನಾಗಿದೆ, ಧೈರ್ಯವಾಗಿ ತೆಗೆದುಕೊಳ್ಳಪ್ಪ" ಎಂದೆ.

ಹುಡುಗ ಪಕ್ಕಕ್ಕೆ ಹೋಗಿ ಫೋನಿನಲ್ಲಿ ಯಾರೊಡನೆಯೋ ಮಾತಾಡಿದ. 1,60,000 ರೂಪಾಯಿ ಕಳುಹಿಸಿದ. ಬಂದು ಕೀಲಿಗೆ ಕೈ ಚಾಚಿದ.

"ದುಡ್ಡು ಬರಲಿ, ಕೊಡೋಣ" ಎಂದರು ಗಾಡಿಯವರು.

"ಹಾಕಿದೆನಲ್ಲ ಸರ್, ನಿಮ್ಮ ಭಾವನವರ ಖಾತೆಗೆ."

"ಯಾವ ಭಾವ? ನೀನು ಅವರ ಅಕ್ಕನ ಮಗ ಅಲ್ಲವೇ?"

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಹುಡುಗ ಮತ್ತೆ ಅದೇ ನಂಬರಿಗೆ ಫೋನ್ ಮಾಡಿದ. ಸ್ವಿಚ್ ಆಫ್ ಆಗಿತ್ತು.

ಇದು ನಡೆದದ್ದು ಹೀಗೆ. ಗಾಡಿಯವರು ಆನ್‌ಲೈನ್‌ನಲ್ಲಿ 2,45,000 ರೂಪಾಯಿಗೆ ಜಾಹೀರಾತು ಹಾಕಿದ್ದರು. ಮೂರನೆಯವನೊಬ್ಬ ಅವರಿಗೆ ಫೋನ್ ಮಾಡಿ, "ಬೆಲೆ ಒಪ್ಪಿದೆ, ಚೌಕಾಸಿ ಇಲ್ಲ. ನಮ್ಮ ಅಕ್ಕನ ಮಗನಿಗೆ ಉಡುಗೊರೆ. ಅವನು ಬಂದು ನೋಡುತ್ತಾನೆ, ಅವನ ಮುಂದೆ ಬೆಲೆಯ ಮಾತು ಮಾತ್ರ ಎತ್ತಬೇಡಿ" ಎಂದಿದ್ದ. ಆರ್‌ಸಿಯ ಫೋಟೊ ಕೇಳಿ ತರಿಸಿಕೊಂಡಿದ್ದ. ಅದೇ ಫೋಟೊಗಳನ್ನು ಬಳಸಿ ಅದೇ ಗಾಡಿಗೆ 1,60,000 ಎಂದು ಇನ್ನೊಂದು ಜಾಹೀರಾತು ಹಾಕಿದ್ದ. ಅದನ್ನು ನೋಡಿ ಫೋನ್ ಮಾಡಿದ ಹುಡುಗನಿಗೆ, "ಗಾಡಿ ನಮ್ಮ ಭಾವನ ಹೆಸರಿನಲ್ಲಿದೆ, ತೋರಿಸುವವರು ಅವರೇ. ನನಗೂ ಅವರಿಗೂ ದುಡ್ಡಿನ ಲೆಕ್ಕವಿದೆ, ಅವರ ಹತ್ತಿರ ಬೆಲೆ ಮಾತಾಡಬೇಡ" ಎಂದಿದ್ದ. ಗಾಡಿ ನಿಜ, ಆರ್‌ಸಿ ನಿಜ, ಎದುರು ನಿಂತವರಿಬ್ಬರೂ ಪ್ರಾಮಾಣಿಕರು. ನಡುವಿನ ಒಂದು ಫೋನ್ ನಂಬರ್ ಮಾತ್ರ ಸುಳ್ಳು.

ನಾನು ಮೈಸೂರಿನಲ್ಲಿ 26 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಅಂದು ಕಬ್ಬಿಣವನ್ನು ಮುಕ್ಕಾಲು ಗಂಟೆ ಪರೀಕ್ಷಿಸಿದವನು ಒಂದು ಪ್ರಶ್ನೆ ಕೇಳಲಿಲ್ಲ. ವ್ಯಾಪಾರ ಅವರಿಬ್ಬರ ವಿಷಯ, ಮೆಕ್ಯಾನಿಕ್ ಬೆಲೆ ಕೇಳುವುದು ಮರ್ಯಾದೆಯಲ್ಲ ಎಂದು ಸುಮ್ಮನಿದ್ದೆ. ಈಗ ಹಾಗಿಲ್ಲ. ಸ್ಪ್ಯಾನರ್ ಮುಟ್ಟುವ ಮೊದಲು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೇಳುತ್ತೇನೆ: ಎಷ್ಟಕ್ಕೆ ಮಾತಾಗಿದೆ? ದುಡ್ಡು ಯಾರ ಖಾತೆಗೆ? ಇಬ್ಬರ ಬಾಯಲ್ಲೂ ಒಂದೇ ಅಂಕಿ, ಒಂದೇ ಹೆಸರು ಬರಬೇಕು. ಆ ಹೆಸರು ಆರ್‌ಸಿಯಲ್ಲಿ ಇರುವುದೇ ಆಗಿರಬೇಕು. ಹೆಂಡತಿಯ ಖಾತೆ, ತಮ್ಮನ ಖಾತೆ, "ನನ್ನ ಖಾತೆ ಲಾಕ್ ಆಗಿದೆ" ಎಂಬ ಯಾವ ಸಮಜಾಯಿಷಿಯನ್ನೂ ನಾನು ಒಪ್ಪುವುದಿಲ್ಲ. ಯುಪಿಐನಲ್ಲಿ ಹಣ ಹಾಕುವ ಮೊದಲು ಬ್ಯಾಂಕಿನಲ್ಲಿರುವ ಹೆಸರು ಪರದೆಯ ಮೇಲೆ ಬರುತ್ತದೆ. ನೆಫ್ಟ್, ಆರ್‌ಟಿಜಿಎಸ್‌ಗಳಲ್ಲೂ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ ಒಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತು. ಆ ಹೆಸರನ್ನು ಆರ್‌ಸಿಯ ಪಕ್ಕದಲ್ಲಿಟ್ಟು ಓದಿ. ಹಾಸನದ ಹುಡುಗ ಖಾತೆ ಸಂಖ್ಯೆ ಟೈಪ್ ಮಾಡಿ ನೇರವಾಗಿ ಹಾಕಿಬಿಟ್ಟಿದ್ದ. ಹೆಸರಿನ ಜಾಗದಲ್ಲಿ ಮೋಸಗಾರ ಹೇಳಿದ್ದನ್ನೇ ಬರೆದಿದ್ದ.

ಇನ್ನೊಂದು ಮೋಸ ಇದಕ್ಕಿಂತ ಹಳೆಯದು, ಆದರೂ ತಿಂಗಳಿಗೆ ಒಬ್ಬರಾದರೂ ಅದಕ್ಕೆ ಸಿಕ್ಕು ನನ್ನ ಹತ್ತಿರ ಬರುತ್ತಾರೆ. ಮಾರುವವನು ತಾನು ಸೈನಿಕ ಎನ್ನುತ್ತಾನೆ. ಯಲಹಂಕದಲ್ಲಿದ್ದೆ, ಜಮ್ಮುವಿಗೆ ವರ್ಗವಾಗಿದೆ, ಗಾಡಿ ಈಗಾಗಲೇ ವಿಮಾನ ನಿಲ್ದಾಣದಲ್ಲಿ ಪ್ಯಾಕ್ ಆಗಿದೆ, ಸೇನೆಯ ಪಾರ್ಸೆಲ್‌ನಲ್ಲಿ ಮನೆಗೇ ಬರುತ್ತದೆ, ಮೊದಲು 3,150 ರೂಪಾಯಿ ಸಾಗಣೆ ವೆಚ್ಚ ಹಾಕಿ ಎನ್ನುತ್ತಾನೆ. ಸಮವಸ್ತ್ರದ ಫೋಟೊ, ಕ್ಯಾಂಟೀನ್ ಕಾರ್ಡ್, ಆಧಾರ್ ಎಲ್ಲವನ್ನೂ ಕಳುಹಿಸುತ್ತಾನೆ. ಅವು ಬೇರೆ ಯಾರೋ ಸೈನಿಕರಿಂದ ಕದ್ದವು. 3,150 ಹಾಕಿದ ಮೇಲೆ ಜಿಎಸ್‌ಟಿ ಎಂದು 8,500 ಕೇಳುತ್ತಾನೆ. ಆಮೇಲೆ ವಿಮೆ, ತಡವಾದದ್ದಕ್ಕೆ ದಂಡ, "ಇದು ವಾಪಸ್ ಬರುವ ಹಣ" ಎಂದು ಮತ್ತೊಂದು. ಮೊದಲು ಹಾಕಿದ್ದನ್ನು ಉಳಿಸಿಕೊಳ್ಳುವ ಆಸೆಯಿಂದ ಜನ ಎರಡನೆಯದನ್ನೂ ಹಾಕುತ್ತಾರೆ. ಕೊಡಗು, ಹಾಸನ, ಬೆಳಗಾವಿ ಕಡೆ ಸೇನೆಗೆ ಮಕ್ಕಳನ್ನು ಕಳುಹಿಸಿದ ಮನೆಗಳು ಎಷ್ಟೋ ಇವೆ. ಸೈನಿಕ ಎಂಬ ಮಾತಿಗೆ ನಮ್ಮಲ್ಲಿ ಇರುವ ಗೌರವವನ್ನೇ ಈ ಜನ ಬಂಡವಾಳ ಮಾಡಿಕೊಂಡಿದ್ದಾರೆ ಎಂಬುದು ನನಗೆ ಹಣ ಹೋದದ್ದಕ್ಕಿಂತ ಹೆಚ್ಚು ಸಂಕಟದ ವಿಷಯ. ಗಾಡಿ ನಿಂತ ಜಾಗಕ್ಕೆ ಹೋಗಿ ಮುಟ್ಟಿ ನೋಡಲು ಸಾಧ್ಯವಿಲ್ಲ ಎಂದಾದರೆ ಆ ಗಾಡಿ ಇಲ್ಲ. ಅಡ್ವಾನ್ಸ್ 500 ರೂಪಾಯಿಯೂ ಬೇಡ.

ಗಾಡಿ ಇದೆಯೋ ಇಲ್ಲವೋ ಎಂದು ಊರು ಬಿಡುವ ಮೊದಲೇ ತಿಳಿಯಲು ಒಂದು ಸುಲಭದ ದಾರಿ ಇದೆ. ವಿಡಿಯೊ ಕರೆ ಮಾಡಿ, ಅಂದಿನ ದಿನಪತ್ರಿಕೆಯನ್ನು ಟ್ಯಾಂಕಿನ ಮೇಲಿಟ್ಟು ಗಾಡಿ ಸ್ಟಾರ್ಟ್ ಮಾಡಲು ಹೇಳಿ. ಆಮೇಲೆ ಕ್ಯಾಮೆರಾವನ್ನು ಹ್ಯಾಂಡಲ್ ಬುಡಕ್ಕೆ ಒಯ್ಯಲಿ. ನಿಜವಾದ ಮಾಲೀಕರು ಎರಡು ನಿಮಿಷದಲ್ಲಿ ತೋರಿಸುತ್ತಾರೆ. ನೆಪ ಹೇಳುವವರ ಗಾಡಿಗಾಗಿ ಬಸ್ ಹತ್ತಬೇಡಿ.

ಹ್ಯಾಂಡಲ್ ಬುಡ ಎಂದೆನಲ್ಲ, ಅಲ್ಲಿಗೇ ಬರುತ್ತೇನೆ. ಕೊಳ್ಳಲು ಬಂದವರು ಮೊದಲು ಎಕ್ಸಲರೇಟರ್ ತಿರುವಿ ಸೈಲೆನ್ಸರ್ ಸದ್ದು ಕೇಳುತ್ತಾರೆ. ನಾನು ಮೊದಲು ಮೊಣಕಾಲೂರಿ ಕೂರುತ್ತೇನೆ. ಬಹುತೇಕ ಬೈಕ್‌ಗಳಲ್ಲಿ ಹ್ಯಾಂಡಲ್ ತಿರುಗುವ ಕೊಳವೆಯ ಮೇಲೆ, ಸಾಮಾನ್ಯವಾಗಿ ಬಲಗಡೆ, ಚಾಸಿ ನಂಬರ್ ಕೊರೆದಿರುತ್ತಾರೆ. ಸೀಮೆಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಆ ಜಾಗ ಒರೆಸಿ, ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಕಣ್ಣಿಗೆ ಕಾಣದ್ದು ಆ ಅಚ್ಚಿನಲ್ಲಿ ಕಾಣುತ್ತದೆ. ಕಾರ್ಖಾನೆಯ ಅಂಕಿಗಳು ಒಂದೇ ಆಳ, ಒಂದೇ ಸಾಲು, ಒಂದೇ ಅಂತರದಲ್ಲಿರುತ್ತವೆ. ಕೈಯಲ್ಲಿ ಪಂಚ್ ಹಿಡಿದು ಸುತ್ತಿಗೆಯಿಂದ ಹೊಡೆದದ್ದಾದರೆ ಒಂದು 3 ಸ್ವಲ್ಪ ಮೇಲೆ ಜಿಗಿದಿರುತ್ತದೆ, ಒಂದು 8ರ ಕೆಳಗಿನ ಹೊಟ್ಟೆ ಅರ್ಧವೇ ಬಿದ್ದಿರುತ್ತದೆ. ಅಂಕಿಗಳ ಹಿಂದೆ ಗ್ರೈಂಡರ್ ಎಳೆದ ಸಣ್ಣ ಗೀರುಗಳು ಕೂದಲಿನಂತೆ ಮೂಡುತ್ತವೆ. ಬೆರಳಿನಿಂದ ಸವರಿದರೆ ಆ ಜಾಗ ಒಂದಿಷ್ಟು ತಗ್ಗಾಗಿರುತ್ತದೆ. ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೂ ಎಚ್ಚರ. ಈಗಿನ ಗಾಡಿಗಳಲ್ಲಿ ಈ ಸಂಖ್ಯೆ 17 ಅಕ್ಷರಗಳದ್ದು. ರಾಯಲ್ ಎನ್‌ಫೀಲ್ಡ್‌ನದು ಎಂಇ3 ಎಂದು ಶುರುವಾಗುತ್ತದೆ, ಹೋಂಡಾದ್ದು ಎಂಇ4 ಎಂದು. ಇಂಗ್ಲಿಷ್‌ನ ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದೇ ಇಲ್ಲ, ಏಕೆಂದರೆ ಅವು ಒಂದು, ಸೊನ್ನೆಗಳೊಂದಿಗೆ ಬೆರೆತು ಗೊಂದಲವಾಗುತ್ತದೆ. ಕಳ್ಳ ಪಂಚ್ ಹೊಡೆಯುವವನಿಗೆ ಇದು ಗೊತ್ತಿರುವುದಿಲ್ಲ. ಒಮ್ಮೆ ಒಂದು ಬುಲೆಟ್‌ನಲ್ಲಿ ನಾನು ಆ ಓ ಅಕ್ಷರವನ್ನೇ ಕಂಡೆ.

ನಮ್ಮ ಊರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಜಾವಾ, ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಮೈಸೂರಿನಲ್ಲಿ. 1996ರಲ್ಲಿ ಅದು ಮುಚ್ಚಿತು. ಅದೇ ವರ್ಷ ಯಮಹಾ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ಮೂವತ್ತು ವರ್ಷದ ಹಿಂದೆ ನಿಂತುಹೋದ ಈ ಗಾಡಿಗಳನ್ನು ಈಗ ಜನ ಲಕ್ಷ ಕೊಟ್ಟು ಹುಡುಕುತ್ತಾರೆ. ಅಪ್ಪ ಓಡಿಸುತ್ತಿದ್ದ ಯೆಜ್ಡಿಯ ನೆನಪಿಗೆ ಬೆಲೆ ಕಟ್ಟುವುದು ಹೇಗೆ? ಆ ಭಾವನೆಯೇ ಇಲ್ಲಿ ಅಪಾಯ. ಗುಜರಿಗೆ ಹೋದ ಗಾಡಿಯ ಪೇಪರ್ ಇಟ್ಟುಕೊಂಡು, ಪೇಪರ್ ಇಲ್ಲದ ಇನ್ನೊಂದು ಗಾಡಿಗೆ ಅದರ ನಂಬರ್ ಹೊಡೆದು, ಕ್ರೋಮ್ ಮಿರುಗಿಸಿ ಮಾರುತ್ತಾರೆ. ಹೊಳಪು ಹೆಚ್ಚಿದ್ದಷ್ಟೂ ನಾನು ಪೆನ್ಸಿಲ್ಲನ್ನು ಹೆಚ್ಚು ಹೊತ್ತು ಉಜ್ಜುತ್ತೇನೆ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣವಾಗಿದೆಯೇ ಎಂದೂ ನೋಡಿ. ಆಗಿಲ್ಲದಿದ್ದರೆ "ಆಮೇಲೆ ಮಾಡಿಸಿಕೊಳ್ಳಬಹುದು" ಎಂಬ ಮಾತಿಗೆ ಮರುಳಾಗಬೇಡಿ. ಮಾರುವವರೇ ಮಾಡಿಸಿ ಕೊಡಲಿ. ತಪಾಸಣೆಗೆ ಗಾಡಿ ಒಯ್ದಾಗ ಇನ್‌ಸ್ಪೆಕ್ಟರ್ ಚಾಸಿ ನಂಬರ್ ನೋಡುತ್ತಾರೆ, ಸುಳ್ಳು ಇದ್ದರೆ ಅವರ ತಲೆಯ ಮೇಲೆಯೇ ಇರಲಿ.

ಗಾಡಿ ಕಡಿಮೆ ಓಡಿದೆ ಎಂದು ತೋರಿಸಲು ಮೀಟರ್ ತಿರುಗಿಸುವುದು ಇದಕ್ಕೆ ಹೋಲಿಸಿದರೆ ಚಿಕ್ಕ ಮೋಸ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಗಾಡಿ 2018ರದ್ದು, ಮೀಟರ್ 7,000 ಕಿಲೋಮೀಟರ್ ತೋರಿಸುತ್ತಿದೆ, ಟಯರ್ ಮಾತ್ರ 2021ರದ್ದು ಎಂದಾದರೆ ಮೊದಲ ಜೊತೆ ಹೇಗೆ ಸವೆಯಿತು ಎಂದು ಕೇಳಬೇಕು.

ಪೇಪರ್ ವಿಷಯದಲ್ಲಿ ನನ್ನ ಅನುಭವ ಇಷ್ಟು: ದುಬಾರಿ ಗಾಡಿಗಳಲ್ಲಿ ಹೆಚ್ಚಿನವು ಸಾಲದ ಮೇಲೆ ಕೊಂಡವು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ನಂಬರ್ ಹಾಕಿದರೆ ಸಾಲ ಕೊಟ್ಟ ಸಂಸ್ಥೆ, ನೋಂದಣಿ ದಿನಾಂಕ, ವಿಮೆಯ ಅವಧಿ ಕಾಣುತ್ತವೆ. ಆ್ಯಪ್ ಅನ್ನು ಫೋನಿನ ಆ್ಯಪ್ ಅಂಗಡಿಯಿಂದಲೇ ಇಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳುಹಿಸಿದ ಅದೇ ಹೆಸರಿನ ಫೈಲ್ ಒತ್ತಿ ಬ್ಯಾಂಕ್ ಖಾತೆ ಖಾಲಿಯಾದವರಿದ್ದಾರೆ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರಬೇಕು. "ತೀರಿಸಿಯಾಗಿದೆ, ಪತ್ರ ಬರುವುದಿದೆ" ಎಂದರೆ ಪತ್ರ ಬಂದ ಮೇಲೆ ದುಡ್ಡು. ಹೊರ ರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದ ಎನ್‌ಒಸಿ, ಅಂದರೆ ಫಾರಂ 28 ಬೇಕು, ಇಲ್ಲಿನ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ದೊಡ್ಡ ಗಾಡಿ ಅಷ್ಟೊಂದು ಅಗ್ಗಕ್ಕೆ ಸಿಗುವಾಗ ಈ ತೆರಿಗೆಯ ಲೆಕ್ಕ ಸೇರಿಸಿ ನೋಡಿ, ಅಗ್ಗ ಕರಗಿಹೋಗುತ್ತದೆ.

ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಖಾಲಿಯಾಗಿಯೇ ಸಹಿ ಮಾಡಿ ಕೊಟ್ಟು ಕೈಮುಗಿಯುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಇದು ಇಬ್ಬರಿಗೂ ಕೆಟ್ಟದ್ದು. ಇದೇ ರಾಜ್ಯದ ಗಾಡಿಯಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ಹಲವು ಕೈ ದಾಟಿದರೂ ಹೆಸರು ಬದಲಾಗದ ಒಂದು ವಾಹನದ ಅಪಘಾತ ಪ್ರಕರಣದಲ್ಲಿ, ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು. ಆದ್ದರಿಂದ ಪೂರ್ತಿ ಹಣ ಒಮ್ಮೆಗೇ ಬೇಡ. ಹೆಸರು ಬದಲಾವಣೆಯ ಅರ್ಜಿ ಹಾಕುವ ದಿನ ಇಬ್ಬರೂ ಜೊತೆಗೆ ಕುಳಿತುಕೊಳ್ಳಿ. ಮಾರುವವರ ಮೊಬೈಲಿಗೆ ಓಟಿಪಿ ಬಂದು ಅರ್ಜಿ ಸಲ್ಲಿಕೆಯಾದ ಮೇಲೆ ಬಾಕಿ ಹಣ ಕೊಡಿ.

ಹಾಸನದ ಹುಡುಗನ ಕಥೆಗೆ ಮರಳುತ್ತೇನೆ. ಅವನು ಅಳುತ್ತಾ ಮೆಟ್ಟಿಲ ಮೇಲೆ ಕುಳಿತಾಗ ನನ್ನ ಬಳಿ ಕೆಲಸ ಮಾಡುವ ಹುಡುಗನೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿದ. ಹಣ ಹೋಗಿ ಇಪ್ಪತ್ತೈದು ನಿಮಿಷವಾಗಿತ್ತು. ಅವರು ಕೇಳಿದ್ದು ವ್ಯವಹಾರದ ಸಂಖ್ಯೆ, ಸಮಯ, ಮೊತ್ತ, ಹಣ ಹೋದ ಖಾತೆ. ಇವನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಬೇಕು. ಆಮೇಲೆ ಬ್ಯಾಂಕಿಗೆ ತಿಳಿಸಿ, ಮಧ್ಯಾಹ್ನ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟೆವು. ಚಾಟ್, ಜಾಹೀರಾತು ಯಾವುದನ್ನೂ ಅಳಿಸಲು ಬಿಡಲಿಲ್ಲ. ಅಷ್ಟರೊಳಗೆ ಒಂದಿಷ್ಟು ಹಣವನ್ನು ಮೋಸಗಾರರು ಬೇರೆ ಬೇರೆ ಖಾತೆಗೆ ಹಂಚಿಬಿಟ್ಟಿದ್ದರು. 62,000 ರೂಪಾಯಿ ಮಾತ್ರ ತಡೆಹಿಡಿಯಲು ಸಾಧ್ಯವಾಯಿತು. ನ್ಯಾಯಾಲಯದ ಆದೇಶವಾಗಿ ಅದು ಅವನ ಕೈ ಸೇರಲು ಏಳು ತಿಂಗಳು ಹಿಡಿಯಿತು.

ಗಾಡಿಯವರ ಪಾಡನ್ನು ಯಾರೂ ಕೇಳುವುದಿಲ್ಲ. ಒಂದು ರೂಪಾಯಿ ಮುಟ್ಟದ ಅವರ ಮೇಲೆ ಹುಡುಗನ ಮನೆಯವರು ಮೊದಲು ಸಂಶಯಪಟ್ಟರು. ಠಾಣೆಗೆ ಅವರು ಮೂರು ಸಲ ಹೋಗಬೇಕಾಯಿತು. ಮಾರುವವರಿಗೆ ನಾನು ಹೇಳುವುದು ಇಷ್ಟೇ: ಆರ್‌ಸಿಯ ಫೋಟೊವನ್ನು ಕಾಣದವರಿಗೆ ಕಳುಹಿಸಬೇಡಿ, ಬಂದು ನೋಡಿದವರಿಗೆ ಕೈಯಲ್ಲಿ ತೋರಿಸಿ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಹಾಗೆ ಮಾಡಿ ಎಂದವನು ನಿಮ್ಮ ಹಣ ತೆಗೆಯಲು ಬಂದವನು. ಚೌಕಾಸಿ ಇಲ್ಲದೆ ಬೆಲೆ ಒಪ್ಪಿ, ಬೇರೆಯವರನ್ನು ಕಳುಹಿಸುತ್ತೇನೆ, ಅವರೆದುರು ಬೆಲೆ ಎತ್ತಬೇಡಿ ಎಂದವನಿಗೆ, "ಬಂದವರ ಎದುರು ಮೊದಲು ಬೆಲೆಯನ್ನೇ ಹೇಳುತ್ತೇನೆ" ಎಂದು ಹೇಳಿ ನೋಡಿ. ಆ ಇಂಟರ್‌ಸೆಪ್ಟರ್ ಮಾಲೀಕರು ತಮ್ಮ ಮುಂದಿನ ಜಾಹೀರಾತಿನ ಮೊದಲ ಸಾಲಿನಲ್ಲೇ ಇದನ್ನು ಬರೆದರು. ಎರಡು ವಾರದಲ್ಲಿ ಗಾಡಿ ಮಂಡ್ಯದ ಶಿಕ್ಷಕರೊಬ್ಬರಿಗೆ ಹೋಯಿತು. ಬೆಲೆಯ ಮಾತು ಆಗಿದ್ದು ನನ್ನ ಗ್ಯಾರೇಜಿನಲ್ಲೇ, ಎಲ್ಲರ ಎದುರು.