ಮೊದಲು ಮೈ ಬೆಚ್ಚಗಾಗಲಿ, ಹಾಲು ಆಮೇಲೆ

ಮಳೆಗಾಲ ಶುರುವಾದರೆ ನಮ್ಮ ಕ್ಲಿನಿಕ್‌ಗೆ ಒಂದೇ ಥರದ ಫೋನ್‌ಗಳು ಬರುತ್ತವೆ. "ಡಾಕ್ಟ್ರೇ, ಚರಂಡಿ ಪಕ್ಕ ಬೆಕ್ಕಿನ ಮರಿ ಸಿಕ್ತು. ಹಾಲು ಹಾಕಿದ್ರೆ ಕುಡೀತಾನೇ ಇಲ್ಲ, ಏನ್ಮಾಡ್ಲಿ?" ನಾನು ಹಾಲಿನ ಮಾತು ಎತ್ತುವುದಿಲ್ಲ. "ಅದರ ಬಾಯೊಳಗೆ ನಿಮ್ಮ ಕಿರುಬೆರಳು ಇಟ್ಟು ನೋಡಿ. ಬೆಚ್ಚಗಿದೆಯಾ, ತಣ್ಣಗಿದೆಯಾ?" ಎಂದು ಕೇಳುತ್ತೇನೆ. ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಾಗಿ, "ತಣ್ಣಗಿದೆ" ಅನ್ನುತ್ತಾರೆ.

ತಣ್ಣಗಿದ್ದರೆ ಹಾಲನ್ನು ಪಕ್ಕಕ್ಕಿಡಿ. ಇವತ್ತಿನ ಅಂಕಣದಲ್ಲಿ ನಿಮಗೆ ಇದೊಂದೇ ನೆನಪಿದ್ದರೂ ಸಾಕು. ಹುಟ್ಟಿ ಒಂದು ವಾರದೊಳಗಿನ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಅದರ ಬಿಸಿಯೆಲ್ಲ ತಾಯಿಯ ಹೊಟ್ಟೆಯಿಂದ, ಒಡಹುಟ್ಟಿದ ಮರಿಗಳ ಮೈಯಿಂದ ಬರಬೇಕು. ಮೈ ಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕರುಳಿನ ಚಲನೆ ನಿಲ್ಲುತ್ತಾ ಬರುತ್ತದೆ, ಚೀಪುವ ಶಕ್ತಿಯೂ ಹೋಗುತ್ತದೆ. ಆಗ ಸಿರಿಂಜಿನಲ್ಲಿ ಹಾಲು ಹಿಂಡಿದರೆ ಅದು ಹೊಟ್ಟೆಯಲ್ಲಿ ಕೊಳೆಯುತ್ತದೆ, ಇಲ್ಲವೇ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹಸಿವಿನಿಂದ ಸತ್ತವಕ್ಕಿಂತ ಹೀಗೆ ಪ್ರೀತಿಯಿಂದ ಕುಡಿಸಿದ ಹಾಲಿನಿಂದ ಸತ್ತ ಮರಿಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ತಂದವರು ರಾತ್ರಿಯೆಲ್ಲ ಎದ್ದು ಕೂತಿರುತ್ತಾರೆ. ಅವರ ಮುಖ ನೋಡುವಾಗ ನನಗೆ ಬಹಳ ಸಂಕಟವಾಗುತ್ತದೆ.

ಬೆಚ್ಚಗೆ ಮಾಡುವುದೂ ನಿಧಾನವಾಗಿಯೇ ಆಗಬೇಕು. ಮರಿ ಒದ್ದೆಯಾಗಿದ್ದರೆ ಮೊದಲು ಹಳೇ ಟವಲ್ಲಿನಲ್ಲಿ ಒರೆಸಿ. ಆಮೇಲೆ ಅಂಗಿಯೊಳಗೆ ನಿಮ್ಮ ಎದೆಗೆ ಒತ್ತಿ ಇಟ್ಟುಕೊಳ್ಳಿ. ಒಂದೆರಡು ಗಂಟೆ ಬೇಕಾಗಬಹುದು, ಬೇಗ ಆಗಲಿ ಎಂದು ಹೇರ್ ಡ್ರೈಯರ್ ಹಿಡಿಯಬೇಡಿ. ಮೈ ಬೆಚ್ಚಗಾಗುತ್ತಿರುವಾಗ ಒಂದು ಚಿಟಿಕೆ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ಒಂದೆರಡು ಹನಿ ಬೆಚ್ಚನೆ ನೀರಿನಲ್ಲಿ ಕದಡಿ, ಬೆರಳ ತುದಿಯಿಂದ ಒಸಡಿಗೆ ಸವರಿ. ಹಸಿದು ಸೋತ ಮರಿಯ ರಕ್ತದಲ್ಲಿ ಸಕ್ಕರೆ ಅಂಶ ತಳಕ್ಕಿಳಿದಿರುತ್ತದೆ, ಅದಕ್ಕೆ ಇಷ್ಟು ಬೇಕು. ಬಾಯೊಳಗೆ ಬಿಸಿ ಬಂದು, ಇಟ್ಟ ಬೆರಳನ್ನು ಮರಿ ತಾನೇ ಚೀಪಲು ನೋಡಿದರೆ ಹಾಲಿನ ಹೊತ್ತು ಬಂತು ಎಂದರ್ಥ.

ಮಲಗುವುದಕ್ಕೆ ಒಂದು ರಟ್ಟಿನ ಡಬ್ಬ ಸಾಕು. ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಡಬ್ಬದ ಒಂದೇ ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಕೆಯಾದರೆ ಮರಿ ಆ ಕಡೆ ತೆವಳಿಕೊಳ್ಳುತ್ತದೆ. ಮೊದಲ ವಾರ ಮರಿಯ ಸುತ್ತ 30ರಿಂದ 32 ಡಿಗ್ರಿ ಬಿಸಿ ಬೇಕು. ಆಮೇಲೆ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬಂದರೆ ನಾಲ್ಕನೇ ವಾರಕ್ಕೆ 24-25 ಡಿಗ್ರಿ ಸಾಕಾಗುತ್ತದೆ. ಬಾಟಲಿ ತಣ್ಣಗಾದರೆ ಅದೇ ಮರಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ರಾತ್ರಿಯೂ ಎದ್ದು ಬದಲಿಸಬೇಕು. ಮಲೆನಾಡಿನ ಕಡೆ ಕೆಲವರು ಕೆಂಡದ ಮಡಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡುತ್ತಾರೆ. ದಯವಿಟ್ಟು ಬೇಡ. ಅದರ ಹೊಗೆಯ ವಿಷ ಮರಿಯನ್ನೂ ಬಿಡುವುದಿಲ್ಲ, ನಿಮ್ಮನ್ನೂ ಬಿಡುವುದಿಲ್ಲ.

ಇಷ್ಟೆಲ್ಲ ಶುರು ಮಾಡುವ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ. ತಾಯಿ ನಿಜಕ್ಕೂ ಇಲ್ವಾ? ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿವೆ, ಹೊಟ್ಟೆ ಗುಂಡಗಿದೆ, ಮೈ ಚೊಕ್ಕಟವಾಗಿದೆ ಎಂದರೆ ತಾಯಿ ಬೇಟೆಗೆ ಹೋಗಿದೆ ಅಷ್ಟೇ. ಜಾಗ ಬದಲಿಸುವಾಗ ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ, ಕೊನೆಯ ಮರಿ ಸ್ವಲ್ಪ ಹೊತ್ತು ಒಂಟಿಯಾಗಿ ಅಳುತ್ತಿರುತ್ತದೆ. ಮಳೆ, ನಾಯಿ, ವಾಹನದ ಅಪಾಯ ಇಲ್ಲದಿದ್ದರೆ ದೂರ ನಿಂತು ಕೆಲವು ಗಂಟೆ ಕಾಯಿರಿ. ನೀವು ಅಲ್ಲೇ ನಿಂತಿದ್ದರೆ ಅದು ಬರುವುದಿಲ್ಲ. ಮರಿಗಳ ಸುತ್ತ ಒಂದಿಷ್ಟು ಹಿಟ್ಟು ಉದುರಿಸಿ ಹೋಗಿ, ತಾಯಿ ಬಂದು ಹೋಗಿದ್ದರೆ ಹೆಜ್ಜೆ ಮೂಡಿರುತ್ತದೆ. ಮನುಷ್ಯರ ಕೈ ತಾಗಿದರೆ ತಾಯಿ ಮರಿಯನ್ನು ಸೇರಿಸುವುದಿಲ್ಲ ಎಂದು ಹಿರಿಯರು ಹೇಳುವುದುಂಟು. ಸಾಮಾನ್ಯವಾಗಿ ಹಾಗೇನೂ ಆಗುವುದಿಲ್ಲ. ತಾಯಿಯ ಹಾಲಿಗೆ ಸಮನಾದದ್ದು ನನ್ನ ಕಪಾಟಿನಲ್ಲೂ ಇಲ್ಲ, ಪೇಟೆಯಲ್ಲೂ ಇಲ್ಲ.

ತಾಯಿ ಇಲ್ಲ ಎಂದು ಖಚಿತವಾಯಿತು ಎನ್ನಿ. ಆಗ ವಯಸ್ಸು ತಿಳಿಯಬೇಕು, ಆರೈಕೆಯೆಲ್ಲ ಅದರ ಮೇಲೆಯೇ ನಿಂತಿದೆ. ಹೊಕ್ಕುಳ ಬಳ್ಳಿ ಇನ್ನೂ ಅಂಟಿಕೊಂಡಿದ್ದರೆ ಮರಿ ಹುಟ್ಟಿ ನಾಲ್ಕೈದು ದಿನವಷ್ಟೇ. ಕಣ್ಣು ಬಿಡುವುದು ಸಾಮಾನ್ಯವಾಗಿ 7ರಿಂದ 14 ದಿನದೊಳಗೆ. ಮೂರನೇ ವಾರಕ್ಕೆ ತೂರಾಡುತ್ತಾ ನಡೆಯುತ್ತದೆ, ಮುಂದಿನ ಸಣ್ಣ ಹಲ್ಲು ಕಾಣುತ್ತದೆ. ನಾಲ್ಕನೇ ವಾರದ ಹೊತ್ತಿಗೆ ಕೋರೆಹಲ್ಲು ಬರುತ್ತದೆ. ಹುಟ್ಟುವಾಗ ಸುಮಾರು 100 ಗ್ರಾಂ ಇರುವ ಮರಿಯ ತೂಕ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಬಟ್ಟಲಿಟ್ಟು, ದಿನಾ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಭೇದಿ, ಜ್ವರ, ಸುಸ್ತು ಕಣ್ಣಿಗೆ ಬೀಳುವ ಮೊದಲೇ ತೂಕ ನಿಂತಿರುತ್ತದೆ. ಒಂದು ದಿನ ತೂಕ ಏರದಿದ್ದರೆ ಎಚ್ಚರ ವಹಿಸಿ. ಇಳಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಈಗ ಹಾಲಿನ ವಿಷಯ. ಪ್ಯಾಕೆಟ್ ಹಾಲಿಗೆ ನೀರು ಬೆರೆಸಿ ಕೊಡುವುದು ನಮ್ಮ ಮನೆಗಳ ರೂಢಿ. ಮಗುವಿಗೆ ಹಾಗೆ ಮಾಡುತ್ತಿದ್ದೆವು, ಮರಿಗೂ ಹಗುರ ಆಗಲಿ ಎಂಬ ಕಾಳಜಿ ಅದು. ಆದರೆ ಹಸುವಿನ ಹಾಲಿಗಿಂತ ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಎರಡು ಪಟ್ಟಿಗೂ ಹೆಚ್ಚು. ನೀರು ಬೆರೆಸಿದರೆ ಇದ್ದದ್ದೂ ತೆಳ್ಳಗಾಗುತ್ತದೆ. ಜೊತೆಗೆ ಹಸುವಿನ ಹಾಲಿನ ಲ್ಯಾಕ್ಟೋಸ್ ಸಕ್ಕರೆ ಮರಿಗೆ ಅರಗದೆ ಭೇದಿಯಾಗುತ್ತದೆ. ಅಷ್ಟು ಸಣ್ಣ ಮೈಯಲ್ಲಿ ಒಂದು ದಿನದ ಭೇದಿಯೇ ಜೀವ ತೆಗೆಯಬಲ್ಲದು. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಸಾಕುಪ್ರಾಣಿಗಳ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಕಲಸಿ. ನಿಮ್ಮೂರಿನಲ್ಲಿ ಸಿಗದಿದ್ದರೆ, ಪುಡಿ ಬಂದು ತಲುಪುವವರೆಗೆ ಒಂದೆರಡು ದಿನದ ಮಟ್ಟಿಗೆ, ನೀರು ಬೆರೆಸದ ಮೇಕೆ ಹಾಲಿಗೆ ಮೊಟ್ಟೆಯ ಹಳದಿ ಕದಡಿ ಕೊಟ್ಟು ದಿನ ದೂಡಬಹುದು. ಅದಕ್ಕಿಂತ ಹೆಚ್ಚು ದಿನ ಅದನ್ನೇ ನಂಬಬೇಡಿ.

ಮರಿಯ ಹೊಟ್ಟೆ ಬಹಳ ಸಣ್ಣದು. ಒಂದು ಸಲಕ್ಕೆ 100 ಗ್ರಾಂ ತೂಕಕ್ಕೆ 4 ಮಿಲಿ ಹಾಲು ಹಿಡಿಸುತ್ತದೆ. ದಿನಕ್ಕೆ ಒಟ್ಟು 100 ಗ್ರಾಂಗೆ ಹೆಚ್ಚುಕಡಿಮೆ 20 ಮಿಲಿ. ಅಂದರೆ 200 ಗ್ರಾಂ ಮರಿಗೆ ಒಂದು ಸಲಕ್ಕೆ 8 ಮಿಲಿ ಮೀರಬಾರದು, ದಿನಕ್ಕೆ 40 ಮಿಲಿ. ಮೊದಲ ವಾರ ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ. ಎರಡನೇ ವಾರ ಮೂರು-ನಾಲ್ಕು ಗಂಟೆಗೊಮ್ಮೆ. ಮೂರನೇ ವಾರದಿಂದ ನಿಮಗೆ ಸ್ವಲ್ಪ ನಿದ್ದೆ ಸಿಗುತ್ತದೆ. ಒಬ್ಬರಿಗೇ ಇದು ಕಷ್ಟ. ಮನೆಯವರೆಲ್ಲ ಸರದಿ ಹಾಕಿಕೊಳ್ಳಿ. ಯಾರು ಯಾವಾಗ ಎಷ್ಟು ಕುಡಿಸಿದರು ಎಂದು ತೂಕ ಬರೆಯುವ ಪುಸ್ತಕದಲ್ಲೇ ಬರೆದರೆ, ಒಬ್ಬರು ಕುಡಿಸಿದ್ದು ತಿಳಿಯದೆ ಇನ್ನೊಬ್ಬರು ಮತ್ತೆ ಕುಡಿಸುವುದು ತಪ್ಪುತ್ತದೆ.

ಕುಡಿಸುವ ಭಂಗಿ ಬಹಳ ಮುಖ್ಯ. ಮಗುವಿನ ಹಾಗೆ ಅಂಗಾತ ಮಲಗಿಸಿ ಯಾವತ್ತೂ ಕುಡಿಸಬೇಡಿ. ತಾಯಿಯ ಹತ್ತಿರ ಮರಿ ಹೊಟ್ಟೆ ಕೆಳಗೆ ಮಾಡಿ, ತಲೆ ತುಸು ಎತ್ತಿ ಕುಡಿಯುತ್ತದೆ. ಮಡಿಲಲ್ಲಿ ಟವಲ್ ಹಾಸಿ ಅದೇ ರೀತಿ ಇಟ್ಟುಕೊಳ್ಳಿ. ಹಾಲು ನಿಮ್ಮ ಮುಂಗೈ ಮೇಲೆ ಬಿಟ್ಟರೆ ಉಗುರುಬೆಚ್ಚಗೆ ಅನ್ನಿಸಬೇಕು. ಬಾಟಲಿ ತಲೆಕೆಳಗಾಗಿ ಹಿಡಿದರೆ ಹನಿ ಹನಿಯಾಗಿ ಬೀಳಬೇಕೇ ಹೊರತು ಧಾರೆಯಾಗಿ ಅಲ್ಲ. ಸಿರಿಂಜ್ ಆದರೆ ಸೂಜಿ ತೆಗೆದದ್ದು, 1 ಅಥವಾ 2 ಮಿಲಿಯದು. ನಾಲಿಗೆಯ ಮೇಲೆ ಒಂದು ಹನಿ, ಅದು ನುಂಗಿದ ಮೇಲೆ ಇನ್ನೊಂದು. ಮೂಗಿನಿಂದ ಹಾಲು ಬಂತೆಂದರೆ ತಕ್ಷಣ ನಿಲ್ಲಿಸಿ, ತಲೆ ಸ್ವಲ್ಪ ಕೆಳಗೆ ಬಾಗಿಸಿ, ಒರೆಸಿ. ಆಮೇಲೆ ಉಸಿರಿನಲ್ಲಿ ಗೊರಗೊರ ಸದ್ದು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಕುಡಿಸಿದರೆ ಕೆಲಸ ಮುಗಿಯಲಿಲ್ಲ. ಮೂರು ವಾರದವರೆಗೆ ಮರಿಗೆ ತಾನಾಗಿ ಉಚ್ಚೆ, ಕಕ್ಕ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ನೀವು ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಸವರಬೇಕು, ಪ್ರತಿ ಸಲ ಹಾಲಿನ ಹೊತ್ತಿಗೆ. ಉಚ್ಚೆ ಪ್ರತಿ ಸಲ ಬರುತ್ತದೆ, ಕಕ್ಕ ದಿನಕ್ಕೆ ಒಂದೆರಡು ಸಲ. "ಮೂರು ದಿನದಿಂದ ಉಚ್ಚೆನೇ ಮಾಡಿಲ್ಲ, ಹೊಟ್ಟೆ ಮಾತ್ರ ಉಬ್ಬಿದೆ" ಎಂದು ಮರಿ ಹೊತ್ತು ಬರುವವರಿದ್ದಾರೆ. ಈ ವಿಷಯ ಅವರಿಗೆ ಯಾರೂ ಹೇಳಿರುವುದಿಲ್ಲ.

ಚಿಗಟದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೈತುಂಬ ಚಿಗಟವಿದ್ದರೆ ಸಣ್ಣ ಮರಿಯ ರಕ್ತವನ್ನೇ ಹೀರಿ ಮುಗಿಸುತ್ತವೆ. ಒಸಡು ಬಿಳುಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದರ್ಥ. ಸೀರಣಿಗೆಯಲ್ಲಿ ಬಾಚಿ, ಸಿಕ್ಕ ಚಿಗಟವನ್ನು ಸೋಪು ನೀರಿನ ಬಟ್ಟಲಿಗೆ ಹಾಕಿ. ಮರಿ ಬೆಚ್ಚಗಿದ್ದು ಚುರುಕಾಗಿದ್ದರೆ, ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಹಾಕಿದ ಬೆಚ್ಚನೆ ನೀರಲ್ಲಿ ಕುತ್ತಿಗೆಯಿಂದ ಕೆಳಗೆ ಬೇಗ ತೊಳೆದು, ಸೋಪು ಹೋಗುವಂತೆ ಜಾಲಿಸಿ ಪೂರ್ತಿ ಒಣಗಿಸಿ. ಮನೆಯ ನಾಯಿಗೆ ತಂದಿಟ್ಟ ಚಿಗಟದ ಔಷಧಿಯನ್ನು ಮಾತ್ರ ಮುಟ್ಟಬೇಡಿ. ಅಂಥ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಇರುವೆಗೆ ಗೆರೆ ಎಳೆಯುವ ಚಾಕ್‌ನಲ್ಲೂ ಅದೇ ಜಾತಿಯ ವಿಷ ಇರುತ್ತದೆ. ಚೆಲ್ಲಿದ ಹಾಲಿಗೆ ಇರುವೆ ಮುತ್ತಿ ಮರಿಯನ್ನೂ ಕಚ್ಚುವುದು ನಮ್ಮ ಕಡೆ ನಿಜವಾದ ತೊಂದರೆಯೇ. ಅದಕ್ಕೆ ಡಬ್ಬವನ್ನು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಮರಿ ಡಬ್ಬ ಹತ್ತಿ ಇಳಿಯುವಷ್ಟು ದೊಡ್ಡದಾಗುವವರೆಗೆ ಇದು ನಡೆಯುತ್ತದೆ.

ಬೆಕ್ಕಿನ ಯಕೃತ್ತಿಗೆ ಕೆಲವು ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬಹಳ ಕಡಿಮೆ. ಹಾಗಾಗಿ ನಮಗೆ ಸಾಮಾನ್ಯವಾದ ಪ್ಯಾರಾಸಿಟಮಾಲ್ ಅದಕ್ಕೆ ಪ್ರಾಣಾಂತಿಕ. ಜ್ವರ ಎಂದು ಕಾಲು ಮಾತ್ರೆಯನ್ನೂ ಕೊಡಬೇಡಿ. ಫಿನಾಯಿಲ್ ಹಾಕಿ ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ತೊಂದರೆಯೇ. ಮರಿಯಿರುವ ಕೋಣೆಯನ್ನು ಸೋಪು ನೀರಿನಿಂದ ಒರೆಸಿದರೆ ಸಾಕು. ಕಣ್ಣಿಗೆ ಹರಳೆಣ್ಣೆ ಬಿಡುವುದೂ ಬೇಡ. ಕೀವಿನಿಂದ ರೆಪ್ಪೆ ಅಂಟಿಕೊಂಡಿದ್ದರೆ ಕಾಯಿಸಿ ಆರಿಸಿದ ಬೆಚ್ಚನೆ ನೀರಿನ ಹತ್ತಿಯಿಂದ ಒದ್ದೆ ಮಾಡಿ ಒರೆಸಿ, ಬಲವಂತದಿಂದ ಬಿಡಿಸಬೇಡಿ. ಕಣ್ಣು ಬಿಡುವ ಮೊದಲೇ ರೆಪ್ಪೆ ಉಬ್ಬಿದ್ದರೆ ಒಳಗೆ ಕೀವು ತುಂಬಿರಬಹುದು. ಒಂದು ದಿನ ತಡವಾದರೂ ಕಣ್ಣು ಹೋಗಬಹುದು.

ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಹೊಸ ಮರಿಯನ್ನು ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿಡಿ. ಹಿಂದೆ ವಾಂತಿ-ಭೇದಿಯಾಗಿ ಬೆಕ್ಕು ಸತ್ತ ಮನೆಯಾದರೆ ನನಗೆ ಮೊದಲೇ ಹೇಳಿ. ಪ್ಯಾನ್‌ಲ್ಯೂಕೋಪೀನಿಯಾ ಎಂಬ ಕಾಯಿಲೆಯ ವೈರಸ್ ನೆಲದಲ್ಲಿ, ಬುಟ್ಟಿಯಲ್ಲಿ, ಹಾಸಿಗೆಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಸೋಪು, ಡೆಟಾಲ್‌ಗೆ ಅದು ಜಗ್ಗುವುದಿಲ್ಲ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿದ ಮೇಲೆಯೇ ಮರಿಯನ್ನು ಬಿಡಬೇಕು. ಲಸಿಕೆ ಶುರುವಾಗುವುದು 6ರಿಂದ 8 ವಾರಕ್ಕೆ. ಮೂರು-ನಾಲ್ಕು ವಾರದ ಅಂತರದಲ್ಲಿ 16 ವಾರದವರೆಗೆ ಮುಂದುವರಿಯುತ್ತದೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಜಂತುಹುಳುವಿನ ಔಷಧಿಯನ್ನು ಮೂರನೇ ವಾರದ ಸುಮಾರಿಗೆ, ತೂಕ ನೋಡಿ, ಡಾಕ್ಟರೇ ಕೊಡಬೇಕು. ಹತ್ತಿರದಲ್ಲಿ ನಾಯಿ-ಬೆಕ್ಕಿನ ಡಾಕ್ಟರು ಇಲ್ಲದವರು ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿಗೆ ಹೋಗಬಹುದು.

ನಿಮ್ಮ ಕೈಯ ಬಗ್ಗೆಯೂ ಒಂದು ಮಾತು. ಬೀದಿಯ ಮರಿಯ ಹಲ್ಲೋ ಉಗುರೋ ತಾಗಿ ಗಾಯವಾದರೆ 15 ನಿಮಿಷ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಮರಿ ಎಷ್ಟೇ ಮುದ್ದಾಗಿದ್ದರೂ ರೇಬಿಸ್ ವಿಷಯದಲ್ಲಿ ಕಾದು ನೋಡುವುದು ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಮನೆಯಲ್ಲಿ ಗರ್ಭಿಣಿ ಇದ್ದಾರೆ, ಮರಿಯನ್ನು ಆಚೆ ಬಿಡಬೇಕಾ ಎಂದು ಕೇಳುತ್ತಾರೆ. ಬಿಡಬೇಕಿಲ್ಲ. ಮಲದ ಟ್ರೇಯನ್ನು ಬೇರೆಯವರು ದಿನಾ ತೆಗೆಯಲಿ. ಹೊಟ್ಟೆಯೊಳಗಿನ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೋಪ್ಲಾಸ್ಮಾ ಎಂಬ ರೋಗಾಣು ಮಲದಲ್ಲಿ ಹೊರಬಿದ್ದು, ಅಂಟುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು.

ನಾಲ್ಕನೇ ವಾರದಿಂದ ಮೆತ್ತಗಿನ ಊಟ ಶುರು ಮಾಡಿ. ಮರಿಗಳಿಗೆಂದೇ ಬರುವ ಆಹಾರವನ್ನು ಹಾಲಿನ ಪುಡಿಯ ಹಾಲಲ್ಲಿ ಕಿವುಚಿ ತಟ್ಟೆಯಲ್ಲಿ ಕೊಡಿ. ಮೊದಲು ಮೂಗು, ಕಾಲು, ಗೋಡೆಗೆಲ್ಲ ಬಳಿದುಕೊಳ್ಳುತ್ತವೆ, ಒಂದು ವಾರದಲ್ಲಿ ಕಲಿಯುತ್ತವೆ. ಅಗಲವಾದ ಟ್ರೇಯಲ್ಲಿ ಮರಳನ್ನೋ ಹರಿದ ಪೇಪರನ್ನೋ ಹಾಕಿಡಿ. ನೀರು ತಾಗಿದರೆ ಗಂಟಾಗುವ ಲಿಟರ್ ಈ ವಯಸ್ಸಿಗೆ ಬೇಡ, ತಿಂದುಬಿಡುತ್ತವೆ. ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನ, ಹಾಲನ್ನ ಸಾಕಲ್ವಾ ಎಂದು ಕೇಳುತ್ತಾರೆ. ಸಾಲುವುದಿಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ಮೈ ಬೇಕಾದಷ್ಟು ತಯಾರಿಸಿಕೊಳ್ಳುವುದಿಲ್ಲ, ಮಾಂಸ-ಮೀನಿನಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಕಣ್ಣು ಕುರುಡಾಗುತ್ತದೆ. ಹೃದಯವೂ ಸೋಲುತ್ತದೆ ಎಂದು 1987ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿಕೊಟ್ಟರು. ಮನೆಯಲ್ಲಿ ಮಾಂಸ ಬೇಯಿಸುವುದು ಆಗದಿದ್ದರೆ ಟಾರಿನ್ ಸೇರಿಸಿದ ಬೆಕ್ಕಿನ ಆಹಾರವನ್ನು ಅಂಗಡಿಯಿಂದ ತನ್ನಿ. ಅದೂ ಆಗುವುದಿಲ್ಲ ಎಂದಾದರೆ ಮರಿಯನ್ನು ಬೇರೆ ಮನೆಗೆ ಕೊಡುವುದು ಒಳ್ಳೆಯದು.

ಬೇರೆಯವರಿಗೆ ಕೊಡುವುದಾದರೆ ಎಂಟು ವಾರ ತುಂಬಲಿ, ಆದಷ್ಟೂ ಜೋಡಿಯಾಗಿ ಕೊಡಿ. ಎರಡರಿಂದ ಏಳನೇ ವಾರದೊಳಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಜೀವನವಿಡೀ ಮನುಷ್ಯರನ್ನು ನಂಬುತ್ತದೆ. ಕಚ್ಚುವುದು ಎಲ್ಲಿಯವರೆಗೆ ಎಂಬುದನ್ನು ಮಾತ್ರ ಅದು ಒಡಹುಟ್ಟಿದವರ ಜೊತೆ ಆಡಿಯೇ ಕಲಿಯಬೇಕು.

ಮರಿ ಸಿಕ್ಕ ಜಾಗಕ್ಕೆ ಒಮ್ಮೆ ಮತ್ತೆ ಹೋಗಿ ಬನ್ನಿ. ತಾಯಿ ಅಲ್ಲೇ ಸುತ್ತಮುತ್ತ ಇರುವ ಸಾಧ್ಯತೆ ಇದೆ. ಬೆಕ್ಕು ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರಬಹುದು, ಗರ್ಭ ಒಂಬತ್ತು ವಾರವಷ್ಟೇ. ಹಾಗೇ ಬಿಟ್ಟರೆ ಮುಂದಿನ ಮಳೆಯವರೆಗೂ ಕಾಯಬೇಕಿಲ್ಲ, ಅದೇ ಚರಂಡಿ ಪಕ್ಕ ಇನ್ನೊಂದು ಸೂಲು ಇರುತ್ತದೆ. ದಿನಾ ಒಂದೇ ಹೊತ್ತಿಗೆ ಅದಕ್ಕೆ ಊಟ ಇಟ್ಟು ನಂಬಿಕೆ ಗಳಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿದ ಮೇಲೆ ಪಂಜರ ಇಟ್ಟು ಹಿಡಿದು ತನ್ನಿ. ನಿಮ್ಮ ಮನೆಯ ಮರಿಗೂ ನಾಲ್ಕೈದು ತಿಂಗಳಿಗೇ ಅದನ್ನು ಮಾಡಿಸಿ, ಏಕೆಂದರೆ ನಾಲ್ಕು ತಿಂಗಳಿಗೇ ಗಬ್ಬ ನಿಂತ ಮರಿಗಳೂ ಇವೆ.