ಬೆಂಕಿ ಹಾಲ್‌ನಲ್ಲಿ, ಮಸಿ ಬಾತ್‌ರೂಮಿನಲ್ಲಿ

ಹೋದ ವರ್ಷ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮಕ್ಕನ ಮನೆಯಲ್ಲಿ ಟಿವಿ ಹಿಂದಿನ ವೈರ್ ಹೊತ್ತಿಕೊಂಡಿತು. ಸುಟ್ಟಿದ್ದು ಹಾಲ್‌ನ ಒಂದು ಮೂಲೆ ಮಾತ್ರ. ಆದರೆ ಮಾರನೇ ದಿನ ನೋಡಿದರೆ, ಬೆಂಕಿ ಹತ್ತಿರವೂ ಸುಳಿಯದ ಬಾತ್‌ರೂಮಿನ ನಲ್ಲಿ, ಕನ್ನಡಿ, ಟೈಲ್ಸ್ ಎಲ್ಲಾ ಕರ್ರಗೆ! ಹಾಲ್‌ನ ಜಿಪ್ಸಮ್ ಸೀಲಿಂಗ್ ಮೇಲೆ ಸಾಲು ಸಾಲು ಕಪ್ಪು ಚುಕ್ಕಿ, ರಂಗೋಲಿಗೆ ಇಟ್ಟ ಹಾಗೆ. ಪಕ್ಕದ ಮನೆಯವರು "ಇದು ಸುಮ್ನೆ ಬೆಂಕಿ ಅಲ್ಲ, ಯಾರೋ ಮಾಡಿಸಿದ್ದಾರೆ" ಅಂದರು. ಬಾಗಿಲಿಗೆ ನಿಂಬೆಹಣ್ಣು ಬಂತು. ನಾನು ಸ್ಟೂಲ್ ಹತ್ತಿ ಒಂದು ಚುಕ್ಕಿ ಕೆರೆದೆ. ಪುಟ್ಟಿಯ ಒಳಗೆ ಸ್ಕ್ರೂ ತಲೆ.

ಮಾಟ ಮಾಡಿದ್ದು ಆ ಸ್ಕ್ರೂನೇ. ಕಬ್ಬಿಣ ಶಾಖವನ್ನು ಬೇಗ ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಅಷ್ಟು ಜಾಗ ಸುತ್ತಲಿನ ಬೋರ್ಡಿಗಿಂತ ತಣ್ಣಗಿರುತ್ತದೆ. ಮಸಿಗೆ ತಣ್ಣನೆಯ ಜಾಗವೆಂದರೆ ಇಷ್ಟ. ಇಷ್ಟವೇನು ಬಂತು, ತಳ್ಳಿಸಿಕೊಂಡು ಹೋಗುತ್ತದೆ ಅಷ್ಟೇ. ಮಸಿಯ ಒಂದು ಬಿಡಿ ಕಣ ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ. ಅದಕ್ಕೆ ಬಿಸಿ ಕಡೆಯ ಗಾಳಿಯ ಅಣುಗಳು ಜೋರಾಗಿ ಗುದ್ದುತ್ತವೆ, ತಣ್ಣನೆ ಕಡೆಯವು ಮೆಲ್ಲಗೆ. ದಾದರ್‌ನಲ್ಲಿ ಸಂಜೆ ಲೋಕಲ್ ಹತ್ತಿದವರಿಗೆ ಇದು ಗೊತ್ತು. ನಾವು ಕಾಲೇ ಎತ್ತಿರುವುದಿಲ್ಲ, ಆದರೂ ಎದುರಿನ ಬಾಗಿಲಿಗೆ ಅಂಟಿಕೊಂಡಿರುತ್ತೇವೆ. 1870ರಲ್ಲಿ ವಿಜ್ಞಾನಿ ಜಾನ್ ಟಿಂಡಲ್ ಬೆಳಕಿನ ಕೋಲಿನಲ್ಲಿ ಧೂಳು ನೋಡುತ್ತಾ, ಕಾದ ವಸ್ತುವಿನ ಸುತ್ತ ಧೂಳೇ ಇಲ್ಲದ ಕಪ್ಪು ಜಾಗ ಇರುವುದನ್ನು ಗಮನಿಸಿದ. ಈಗ ಇದಕ್ಕೆ ಥರ್ಮೋಫೋರೆಸಿಸ್ ಅನ್ನುತ್ತಾರೆ. ನಮ್ಮಜ್ಜಿಗೆ ಆ ಹೆಸರು ಗೊತ್ತಿರಲಿಲ್ಲ. ಆದರೆ ಹರಳೆಣ್ಣೆ ದೀಪದ ಮೇಲೆ ತಣ್ಣನೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದಳು. ಅಕ್ಕನ ಬಾತ್‌ರೂಮಿನ ಟೈಲ್ಸ್ ಆ ತಟ್ಟೆ ಇದ್ದ ಹಾಗೆ.

ಅಕ್ಕ ಅಷ್ಟರಲ್ಲಿ ಒಂದು ತಪ್ಪು ಮಾಡಿದ್ದಳು. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಗೋಡೆ ಒರೆಸಿದ್ದಳು. ಎಲ್ಲರೂ ಮಾಡುವುದೇ ಅದು. ಕನ್ನಡದಲ್ಲಿ ಮಸಿ ಅಂದರೆ ಶಾಯಿಯೂ ಹೌದು, ಅಲ್ವಾ? ಮಸಿಕುಡಿಕೆ ಅಂತೀವಿ. ಸುಮ್ನೆ ಬಂದ ಮಾತಲ್ಲ ಅದು. ದೀಪದ ಮಸಿಗೆ ನೀರು, ಅಂಟು ಸೇರಿಸಿಯೇ ಶಾಯಿ ಮಾಡುತ್ತಿದ್ದರು. ತಾಳೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರಕ್ಕೂ ಮಸಿಯನ್ನೇ ತಿಕ್ಕುತ್ತಿದ್ದರು. ಮಸಿಯ ಇಂಗಾಲ ಬಿಸಿಲಿಗೂ ಮಾಸುವುದಿಲ್ಲ. ಅಕ್ಕನ ಡಿಸ್ಟೆಂಪರ್ ಗೋಡೆ ಆ ಶಾಯಿಯನ್ನು ಚೆನ್ನಾಗಿ ಕುಡಿಯಿತು. ಕೈ ಆಡಿಸಿದ ಗುರುತು ಕಮಾನು ಕಮಾನಾಗಿ ಉಳಿಯಿತು.

ಮೊದಲು ಒಣಗಿದ್ದಾಗಲೇ ತೆಗೆಯಬೇಕು. ಕಿಟಕಿ ತೆರೆಯಿರಿ, ಫ್ಯಾನ್ ಮಾತ್ರ ಹಾಕಬೇಡಿ. ಎನ್95 ಮಾಸ್ಕ್, ಗ್ಲೌಸ್ ಬೇಕೇ ಬೇಕು. ಡ್ರೈ ಸ್ಪಂಜ್ ಅಂತ ರಬ್ಬರಿನ ಇಟ್ಟಿಗೆಯಂಥದ್ದು ಸಿಗುತ್ತದೆ. ಅದನ್ನು ಒತ್ತಿ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿಗೆ ಎಳೆಯಬೇಕು, ತಿಕ್ಕಬಾರದು. ಸ್ಪಂಜಿನ ಮುಖ ಕಪ್ಪಾದರೆ ಚಾಕುವಿನಿಂದ ಒಂದು ಪದರ ಕೊಯ್ದು ಬಿಸಾಡಿ. ಒಳಗೆ ಹೊಸ ಮುಖ, ಹಳೇ ಪೆನ್ಸಿಲ್ ರಬ್ಬರ್ ಇದ್ದ ಹಾಗೆ. ನೀರಿನ ಸರದಿ ಆಮೇಲೆ. ಆಗ ಕೆಳಗಿನಿಂದ ಮೇಲಕ್ಕೆ ಒರೆಸಿದರೆ ಗೆರೆ ಇಳಿಯುವುದಿಲ್ಲ. ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಬೇಕು, ಆಸಿಡ್ ಮುರಿಯಲು. ಪಿವಿಸಿ ವೈರ್ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಮುಂಬೈ ಕಡೆಯ ತೇವದ ಗಾಳಿ ಸೇರಿದರೆ ಅದು ಹೈಡ್ರೋಕ್ಲೋರಿಕ್ ಆಸಿಡ್. ನಲ್ಲಿಯ ಹೊಳಪು ವಾರದೊಳಗೆ ಚುಕ್ಕಿ ಚುಕ್ಕಿಯಾಗಿ ಹೋಗಿದ್ದು ಅದರಿಂದಲೇ. ಬಾಗಿಲಿಗೆ ಕಟ್ಟಿದ ನಿಂಬೆಹಣ್ಣೂ ಆಸಿಡ್ಡೇ, ಅದೇನು ಮಾಡೀತು!

ವಾಸನೆಗೆ ಊದುಬತ್ತಿ ಹಚ್ಚುವವರಿಗೆ ನನ್ನದೊಂದು ಪ್ರಶ್ನೆ. ಹೊಗೆ ಓಡಿಸಲು ಇನ್ನೊಂದು ಹೊಗೆ ಯಾಕೆ?

ಮೇಲೆ ಪೇಂಟ್ ಹೊಡೆದರಾಯಿತು ಅನ್ನುವವರೂ ಇದ್ದಾರೆ. ನೀರಿನ ಪೇಂಟ್ ಹಚ್ಚಿದರೆ ಹೊಗೆಯ ಹಳದಿ ಅದರಲ್ಲೇ ಕರಗಿ ಮೇಲೆ ಬರುತ್ತದೆ. ನಡುವೆ ಶೆಲ್ಯಾಕ್ ಪ್ರೈಮರ್ ಬೇಕು. ಶೆಲ್ಯಾಕ್ ಅಂದರೆ ನಮ್ಮ ಅರಗು, ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಪಾಂಡವರನ್ನು ಸುಡಲು ಕಟ್ಟಿದ ಮನೆಯೂ ಅರಗಿನದೇ. ಸ್ಪಿರಿಟ್ ಬೇರೆ ಕಿಡಿ ಕಂಡರೆ ಹೊತ್ತಿಕೊಳ್ಳುತ್ತದೆ. ಪ್ರೈಮರ್ ಹಚ್ಚಿದ ದಿನ ದೇವರ ದೀಪ ಹಚ್ಚಬೇಡ ಅಂತ ಅಕ್ಕನನ್ನು ಒಪ್ಪಿಸುವಷ್ಟರಲ್ಲಿ, ಸೀಲಿಂಗಿನ ಚುಕ್ಕಿಗಳೆಲ್ಲಾ ಮುಚ್ಚಿಹೋಗಿದ್ದವು.