ಕದಲಿದ್ದು ನಕ್ಷತ್ರವೋ, ಯಂತ್ರವೋ?

ದೀಪಾವಳಿ ಕಳೆದು ಮೋಡ ಸರಿದ ಮೇಲೆ, ನವೆಂಬರ್ ನಡುವಿನ ಒಂದು ರಾತ್ರಿ ಎಂಟರ ಹೊತ್ತಿಗೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಅಂಗಳಕ್ಕೆ ಬಂದು ತಲೆ ಎತ್ತಿದರೆ, ಪೂರ್ವಾಭಾದ್ರೆಯ ಎರಡು ತಾರೆಗಳು ಹೆಚ್ಚುಕಡಿಮೆ ನೆತ್ತಿಯ ಮೇಲೆ ಸಿಗುತ್ತವೆ. ಅವೆರಡರ ನಡುವೆ, ತುಸು ಪಡುವಣಕ್ಕೆ, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲಷ್ಟೇ ಕಾಣುವ ಮಂಕು ಚುಕ್ಕಿಯ ಹೆಸರು 51 ಪೆಗಾಸಿ. ಸೂರ್ಯನಂಥದೇ ಇನ್ನೊಂದು ನಕ್ಷತ್ರಕ್ಕೆ ಗ್ರಹವಿದೆ ಎಂದು ಮೊದಲು ಖಚಿತವಾದದ್ದು ಅಲ್ಲಿ, 1995ರಲ್ಲಿ. ಅಲ್ಲಿಂದೀಚೆಗೆ ಸುದ್ದಿ ನಿಂತಿಲ್ಲ. ಗ್ರಹ ಸಿಕ್ಕಿತು, ಭೂಮಿಯಂಥದು ಸಿಕ್ಕಿತು, ಮೂರು ವರ್ಷ ಬಿಟ್ಟು ನೋಡಿದರೆ ಅದು ಇಲ್ಲವೇ ಇಲ್ಲವಂತೆ. ಓದುಗರಿಗೆ ಗೊಂದಲವಾಗುವುದು ಸಹಜ. ಈ ಗೋಜಲಿನ ಬೇರು ಬಹುಪಾಲು ಇರುವುದು ದೂರದರ್ಶಕದ ಕೆಳಗಿನ ಕೋಣೆಯಲ್ಲಿ, ಸ್ಪೆಕ್ಟ್ರೋಗ್ರಾಫ್ ಎಂಬ ಯಂತ್ರದೊಳಗೆ.

ಗ್ರಹ ಸುತ್ತುವಾಗ ತನ್ನ ನಕ್ಷತ್ರವನ್ನೂ ಅಷ್ಟಿಷ್ಟು ಎಳೆದಾಡುತ್ತದೆ. ನಕ್ಷತ್ರ ನಮ್ಮತ್ತ ಬಂದಾಗ ಅದರ ರೋಹಿತದ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯ) ಕಪ್ಪುಗೆರೆಗಳು ನೀಲಿಯ ಕಡೆಗೆ, ದೂರ ಹೋದಾಗ ಕೆಂಪಿನ ಕಡೆಗೆ ಜರುಗುತ್ತವೆ. ಸ್ಪೆಕ್ಟ್ರೋಗ್ರಾಫ್ ಅಳೆಯುವುದು ಈ ಜರುಗಾಟವನ್ನು. 51 ಪೆಗಾಸಿ 4.2 ದಿನಕ್ಕೊಮ್ಮೆ, ಸೆಕೆಂಡಿಗೆ ಸುಮಾರು 56 ಮೀಟರ್ ವೇಗದಲ್ಲಿ ಓಲಾಡುತ್ತದೆ. ಗುರುಗ್ರಹ ನಮ್ಮ ಸೂರ್ಯನನ್ನು ಓಲಾಡಿಸುವುದು ಸೆಕೆಂಡಿಗೆ 12.5 ಮೀಟರ್. ಭೂಮಿಯ ಪಾಲು 9 ಸೆಂಟಿಮೀಟರ್. ಅಂಬೆಗಾಲಿಡುವ ಮಗು ಅದಕ್ಕಿಂತ ಬೇಗ ಹೋಗುತ್ತದೆ.

ಇನ್ನು ಯಂತ್ರದೊಳಗಿನ ಗಾಳಿಯ ವಿಚಾರ. ಒತ್ತಡ ಒಂದು ಮಿಲಿಬಾರ್ ಏರಿದರೂ ಇಳಿದರೂ ಗೆರೆಗಳು ಸೆಕೆಂಡಿಗೆ ಸುಮಾರು 90 ಮೀಟರ್ ವೇಗಕ್ಕೆ ಸಮನಾಗಿ ಜರುಗುತ್ತವೆ. ಕೊನೆಗಾರ ಅಡಿಕೆ ಮರದ ಬುಡದಿಂದ ಎಂಟೊಂಬತ್ತು ಮೀಟರ್ ಹತ್ತಿ ಕೊನೆಗೆ ಕೈ ಹಾಕುವಷ್ಟರಲ್ಲಿ ಅವನ ಸುತ್ತಲ ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿದಿರುತ್ತದೆ. ಅಷ್ಟು ಸಾಕು, 51 ಪೆಗಾಸಿಯ ಗ್ರಹ ಮುಚ್ಚಿಹೋಗಲು. ಮಳೆ ಮೋಡ ಏನೂ ಇಲ್ಲದ ದಿನವೂ ನಮ್ಮ ಕಡೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಒತ್ತಡ ಮೂರು ಮಿಲಿಬಾರ್‌ನಷ್ಟು ಇಳಿಯುತ್ತದೆ. ಉಷ್ಣತೆಯದೂ ಇದೇ ಕತೆ: ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸೆಕೆಂಡಿಗೆ ಸುಮಾರು 300 ಮೀಟರ್ ಸುಳ್ಳು ವೇಗ. ಅದರ ಮೇಲೆ ಲೋಹ ಬೇರೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಡಿಗ್ರಿಗೆ 23 ಮೈಕ್ರೋಮೀಟರ್.

ಗ್ರಹಗಳನ್ನು ಹೀಗೆ ಹುಡುಕಬಹುದೆಂದು ಆಟೊ ಸ್ಟ್ರೂವ್ 1952ರಲ್ಲೇ ಬರೆದಿದ್ದರು. ಮುಂದಿನ ಎರಡು ಮೂರು ದಶಕ ಅಷ್ಟು ನಿಖರವಾಗಿ ಅಳೆಯುವ ಯಂತ್ರ ಯಾರ ಬಳಿಯೂ ಇರಲಿಲ್ಲ. ಆಮೇಲೆ ದಾರಿ ಎರಡಾಯಿತು. ಒಂದು, ಯಂತ್ರ ಕದಲಿದರೆ ಕದಲಲಿ, ನಕ್ಷತ್ರದ ಬೆಳಕಿನ ದಾರಿಯಲ್ಲೇ ಒಂದು ಅನಿಲದ ಗಾಜಿನ ಕೊಳವೆ ಇಡೋಣ, ಅದರ ಗೆರೆಗಳೂ ಜೊತೆಗೇ ಕದಲುತ್ತವೆ, ವ್ಯತ್ಯಾಸ ತೆಗೆದರಾಯಿತು ಎನ್ನುವುದು. ಬ್ರೂಸ್ ಕ್ಯಾಂಪ್‌ಬೆಲ್ ಮತ್ತು ಗಾರ್ಡನ್ ವಾಕರ್ ಇದಕ್ಕೆ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಬಳಸಿದರು. ಜೆಫ್ ಮಾರ್ಸಿ ಮತ್ತು ಪಾಲ್ ಬಟ್ಲರ್ ಅಯೋಡಿನ್ ಬಳಸಿ ಸೆಕೆಂಡಿಗೆ 3 ಮೀಟರ್‌ವರೆಗೆ ಬಂದರು. ಆದರೆ ಅಯೋಡಿನ್ ನಕ್ಷತ್ರದ ಬೆಳಕಲ್ಲೂ ಒಂದು ಪಾಲು ತಿನ್ನುತ್ತದೆ, ಉಪಯೋಗಕ್ಕೆ ಬರುವುದು 5000ದಿಂದ 6200 ಆಂಗ್‌ಸ್ಟ್ರಾಮ್ ತರಂಗಾಂತರದೊಳಗೆ, ಅಂದರೆ ಹಸಿರಿನಿಂದ ಕಿತ್ತಳೆಯವರೆಗಿನ ಬೆಳಕಿನಲ್ಲಿ ಮಾತ್ರ. ಇನ್ನೊಂದು ದಾರಿ, ಯಂತ್ರವೇ ಕದಲದಂತೆ ನೋಡಿಕೊಳ್ಳುವುದು. ಮಿಷೆಲ್ ಮೇಯರ್ ಮತ್ತು ದಿದಿಯೆ ಕೆಲೊ ಫ್ರಾನ್ಸಿನ ಓಟ್ ಪ್ರೊವಾನ್ಸ್‌ನಲ್ಲಿ ಎಲೋಡಿ ಎಂಬ ಯಂತ್ರದಿಂದ 51 ಪೆಗಾಸಿಯ ಗ್ರಹ ಹಿಡಿದದ್ದು ಈ ದಾರಿಯಲ್ಲಿ. ಅದರ ನಿಖರತೆ ಸೆಕೆಂಡಿಗೆ 13 ಮೀಟರ್. ಕಷ್ಟದ ದಾರಿ, ಆದರೆ ಮುಂದಕ್ಕೆ ಒಯ್ದದ್ದು ಅದೇ.

ಎಲೋಡಿಯ ಮೂಲ ಗುಟ್ಟು ಫೈಬರ್, ಅಂದರೆ ದೂರದರ್ಶಕದಿಂದ ಯಂತ್ರಕ್ಕೆ ಬೆಳಕು ಒಯ್ಯುವ ತೆಳು ಗಾಜಿನ ಎಳೆ. ಸ್ಪೆಕ್ಟ್ರೋಗ್ರಾಫನ್ನು ದೂರದರ್ಶಕಕ್ಕೇ ಕಟ್ಟಿದರೆ ಅದು ವಾಲಿದಂತೆಲ್ಲ ಯಂತ್ರವೂ ತನ್ನ ಭಾರಕ್ಕೆ ಬಾಗುತ್ತದೆ. ಫೈಬರ್ ಇದ್ದರೆ ಯಂತ್ರ ನೆಲಕ್ಕೆ ಊರಿ ಕೂರಬಹುದು. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮೊದಲೆಲ್ಲ ಬೆಳಕು ಕಿರುಸೀಳಿನ ಮೂಲಕ ಒಳಗೆ ಹೋಗುತ್ತಿತ್ತು. ನಕ್ಷತ್ರದ ಬಿಂಬ ಸೀಳಿನ ಎಡಕ್ಕೆ ಸರಿದರೆ ರೋಹಿತವೂ ಸರಿಯುತ್ತದೆ, ಅದು ವೇಗದ ಹಾಗೇ ಕಾಣುತ್ತದೆ. ರೋಹಿತವನ್ನು 1,15,000ರಷ್ಟು ಸೂಕ್ಷ್ಮವಾಗಿ ಬಿಡಿಸುವ ಯಂತ್ರದಲ್ಲಿ ಬಿಂಬ ಸೀಳಿನ ಅಗಲದ ಹತ್ತನೇ ಒಂದು ಪಾಲು ಸರಿದರೆ ಸುಳ್ಳು ವೇಗ ಸೆಕೆಂಡಿಗೆ 260 ಮೀಟರ್. ಫೈಬರ್ ಬೆಳಕನ್ನು ಒಳಗೊಳಗೇ ಪುಟಿಸಿ ಕಲಸುತ್ತದೆ. ಕಲಸುವಿಕೆ ಸಾವಿರ ಪಟ್ಟು ಇದ್ದರೆ ಆ 260 ಮೀಟರ್ 26 ಸೆಂಟಿಮೀಟರ್‌ಗೆ ಇಳಿಯುತ್ತದೆ.

ದುಂಡು ಫೈಬರ್ ಮಾತ್ರ ಅರ್ಧಂಬರ್ಧ ಕಲಸುತ್ತದೆ. ಸುತ್ತಲೂ ಚೆನ್ನಾಗಿ ಹರಡುತ್ತದೆ, ನಡುವಿನಿಂದ ಅಂಚಿಗೆ ಹರಡುವುದಿಲ್ಲ. ಬಿಂಬ ನಡುವಿನಿಂದ ಜರುಗಿ ಬಿದ್ದರೆ ಆಚೆ ತುದಿಯಲ್ಲಿ ಬಳೆಯಂಥ ಉಂಗುರ ಏಳುತ್ತದೆ. ಇದಕ್ಕೆ ಮೊದಲು ಕಂಡ ಉಪಾಯ ಡಬಲ್ ಸ್ಕ್ರಾಂಬ್ಲರ್: ಫೈಬರನ್ನು ಎರಡು ತುಂಡು ಮಾಡಿ ನಡುವೆ ಮಸೂರ ಇಡುವುದು. ಮೊದಲ ತುಂಡಿನಿಂದ ಬೆಳಕು ಹೊರಟ ಕೋನ ಎರಡನೆಯದರ ಮೇಲೆ ಬೀಳುವ ಜಾಗವಾಗುತ್ತದೆ, ಜಾಗ ಕೋನವಾಗುತ್ತದೆ. ಎರಡನೆಯ ಉಪಾಯ ಎಂಟು ಮೂಲೆಯ ಫೈಬರ್. ಮೂಲೆಗಳಿಗೆ ಬಡಿದ ಕಿರಣ ಒಂದೇ ಉಂಗುರದಲ್ಲಿ ಉಳಿಯುವುದಿಲ್ಲ.

ಕೈಗೆಲಸದಲ್ಲೂ ಎಡವಲು ಜಾಗ ಬೇಕಷ್ಟಿದೆ. ಫೈಬರ್ ತುದಿಯನ್ನು ಲೋಹದ ಕೊಳವೆಗೆ ಎಪಾಕ್ಸಿಯಲ್ಲಿ ಅಂಟಿಸುವಾಗ ಅಂಟು ಒಣಗಿ ಕುಗ್ಗಿದರೆ ಗಾಜು ಹಿಂಡಿದಂತಾಗುತ್ತದೆ. ಆಗ ಹೊರಬರುವ ಬೆಳಕಿನ ಶಂಕು ಅಗಲವಾಗಿ ಒಂದಷ್ಟು ಪಾಲು ಮುಂದಿನ ಕನ್ನಡಿಯ ಹೊರಗೇ ಬಿದ್ದು ಹಾಳಾಗುತ್ತದೆ. ಬಿಗಿಯಾಗಿ ಸುತ್ತಿದರೂ, ಕ್ಲಿಪ್ ಒತ್ತಿದರೂ ಇದೇ ಫಲ. ಹಾಗಾಗಿ ಕುಗ್ಗದ ಅಂಟು ಆರಿಸಬೇಕು, ತುದಿಯನ್ನು 9, 3, 1, 0.3 ಮೈಕ್ರೋಮೀಟರ್ ಹರಳಿನ ಹಾಳೆಗಳಲ್ಲಿ ಕ್ರಮವಾಗಿ ಉಜ್ಜಬೇಕು, ಪ್ರತಿ ಹಂತದ ನಡುವೆ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒರಟು ಹಾಳೆಯ ಒಂದೇ ಹರಳು ನಯದ ಹಾಳೆಗೆ ದಾಟಿದರೂ ಗೀರು ಬೀಳುತ್ತದೆ, ಮೊದಲಿನಿಂದ ಉಜ್ಜಬೇಕಾಗುತ್ತದೆ. ಇಷ್ಟಾದ ಮೇಲೂ ಫೈಬರ್‌ನಿಂದ ಬರುವ ಬೆಳಕಲ್ಲಿ ಚುಕ್ಕಿಚುಕ್ಕಿಯ ಹರಹು ಉಳಿಯುತ್ತದೆ, ಇನ್‌ಫ್ರಾರೆಡ್‌ನಲ್ಲಿ ಇನ್ನೂ ಹೆಚ್ಚು. ಅದನ್ನು ಸರಾಸರಿಗೆ ತರಲು ಚಿತ್ರ ತೆಗೆಯುವಷ್ಟು ಹೊತ್ತೂ ಮೋಟಾರು ಇಟ್ಟು ಫೈಬರನ್ನು ಅಲುಗಿಸುತ್ತಾರೆ.

2003ರಲ್ಲಿ ಚಿಲಿಯ ಲಾ ಸಿಯಾದಲ್ಲಿ ಕೆಲಸ ಶುರುಮಾಡಿದ ಹಾರ್ಪ್ಸ್ ಎಂಬ ಸ್ಪೆಕ್ಟ್ರೋಗ್ರಾಫ್ ಗಾಳಿಯನ್ನೇ ತೆಗೆದುಹಾಕಿತು. ನಿರ್ವಾತ ಪಾತ್ರೆ, ಒಳಗೆ 0.01 ಮಿಲಿಬಾರ್‌ಗಿಂತ ಕಡಿಮೆ ಒತ್ತಡ, ಉಷ್ಣತೆ 17 ಡಿಗ್ರಿಗೆ ಕಟ್ಟಿಹಾಕಿ ಏರಿಳಿತ 0.01 ಡಿಗ್ರಿ. ತೊಟ್ಟಿಮನೆಯ ನಡುಮನೆ ಹೊರಗಿನ ಬಿಸಿಲನ್ನು ನಿಧಾನಕ್ಕೆ ಅರಿಯುವ ಹಾಗೆ, ಇಲ್ಲಿಯೂ ಕೋಣೆಯೊಳಗೆ ಕೋಣೆ. ಒಂದು ಫೈಬರ್ ನಕ್ಷತ್ರಕ್ಕೆ, ಪಕ್ಕದ್ದು ಥೋರಿಯಂ-ಆರ್ಗಾನ್ ದೀಪಕ್ಕೆ. ರಾತ್ರಿ ಯಂತ್ರ ಎಷ್ಟು ಕದಲಿತೆಂದು ದೀಪದ ಗೆರೆಗಳೇ ಹೇಳುತ್ತವೆ. ನಿಖರತೆ ಸೆಕೆಂಡಿಗೆ 1 ಮೀಟರ್‌ಗೆ ಬಂತು. ಬೆಳಕನ್ನು ದಾಖಲಿಸುವ ಡಿಟೆಕ್ಟರ್ ಮೇಲೆ ಅದು ಸುಮಾರು 15 ನ್ಯಾನೊಮೀಟರ್, ಒಂದು ಪಿಕ್ಸೆಲ್‌ನ ಸಾವಿರದ ಒಂದು ಪಾಲು.

ಇಲ್ಲಿಂದ ಮುಂದೆ ತೊಡಕು ಸೂಕ್ಷ್ಮವಾಗುತ್ತದೆ. 2015ರಲ್ಲಿ ಹಾರ್ಪ್ಸ್‌ನ ದುಂಡು ಫೈಬರ್ ತೆಗೆದು ಎಂಟು ಮೂಲೆಯದನ್ನು ಹಾಕಿದರು. ಯಂತ್ರ ಉತ್ತಮವಾಯಿತು, ನಿಜ. ಆದರೆ ಸೂರ್ಯನಂಥ ನಕ್ಷತ್ರಗಳ ಅಳತೆ ಒಮ್ಮೆಲೇ ಸೆಕೆಂಡಿಗೆ 10 ಮೀಟರ್‌ಗೂ ಮೀರಿ ಜಿಗಿಯಿತು. ಕೆಂಪು ಕುಬ್ಜಗಳೆಂಬ ಚಿಕ್ಕ, ತಣ್ಣನೆಯ ನಕ್ಷತ್ರಗಳಲ್ಲಿ ಜಿಗಿತ ಕಡಿಮೆ, ಹಾಗಾಗಿ ಎಲ್ಲಕ್ಕೂ ಒಂದೇ ತಿದ್ದುಪಡಿ ಒಗ್ಗಲಿಲ್ಲ. ಅಂದಿನಿಂದ ಹಿಂದಿನ ಹನ್ನೆರಡು ವರ್ಷದ ಅಳತೆಯನ್ನೂ ಮುಂದಿನದನ್ನೂ ಎರಡು ಬೇರೆ ಯಂತ್ರದ್ದೆಂದೇ ಲೆಕ್ಕ ಹಾಕುತ್ತಾರೆ. ನಾಲ್ಕು ದಿನಕ್ಕೆ ಸುತ್ತುವ ಗ್ರಹಕ್ಕೆ ಇದರಿಂದ ತೊಂದರೆಯಿಲ್ಲ. ಗುರುವಿನಂತೆ ಹನ್ನೆರಡು ವರ್ಷಕ್ಕೆ ಸುತ್ತುವುದಕ್ಕೆ ಸರಣಿಯೇ ನಡುವೆ ತುಂಡಾದಂತೆ. ಚೆನ್ನಾಗಿ ನಡೆಯುತ್ತಿರುವ ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆ ಈ ನಷ್ಟವನ್ನೂ ತೂಗಿ ನೋಡಬೇಕು.

ಅದೇ ವರ್ಷ ಬೆಳಕಿಗೆ ಬಂದದ್ದು ಡಿಟೆಕ್ಟರ್‌ನ ಹೊಲಿಗೆ. ಹಾರ್ಪ್ಸ್‌ನ ಡಿಟೆಕ್ಟರ್ ಆದ ಸಿಸಿಡಿ ಚಿಪ್ಪನ್ನು 512 ಪಿಕ್ಸೆಲ್‌ಗಳ ತುಂಡುಗಳಾಗಿ ಜೋಡಿಸಿ ತಯಾರಿಸಿದ್ದಾರೆ. ಜೋಡಣೆಯ ಗೆರೆಯಲ್ಲಿರುವ ಪಿಕ್ಸೆಲ್‌ನ ಅಗಲ ತುಸು ಹೆಚ್ಚುಕಡಿಮೆ. ತುಂಡು ಟೇಪು ಅಂಟಿಸಿ ತೋಟ ಅಳೆದರೆ ಪ್ರತಿ ಅಂಟಿನಲ್ಲೂ ಒಂದೆಳೆ ತಪ್ಪುವ ಹಾಗೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವುದರಿಂದ ನಕ್ಷತ್ರದ ಗೆರೆಗಳು ವರ್ಷವಿಡೀ ಡಿಟೆಕ್ಟರ್ ಮೇಲೆ ಹತ್ತಾರು ಪಿಕ್ಸೆಲ್ ಅತ್ತಿತ್ತ ಹೋಗುತ್ತವೆ. ಹೊಲಿಗೆ ದಾಟುವ ಗೆರೆ ವರ್ಷಕ್ಕೊಮ್ಮೆ ಸುಳ್ಳು ಹೇಳುತ್ತದೆ, ಒಂದು ವರ್ಷದ ಅವಧಿಯ ಗ್ರಹವಿದ್ದಂತೆಯೇ ಕಾಣುತ್ತದೆ.

2012ರಲ್ಲಿ ಆಲ್ಫಾ ಸೆಂಟಾರಿ ಬಿ ಎಂಬ ನಕ್ಷತ್ರದ ಸುತ್ತ 3.24 ದಿನದ ಗ್ರಹವಿದೆ ಎಂದು ಪ್ರಕಟವಾಯಿತು. ಓಲಾಟ ಸೆಕೆಂಡಿಗೆ 0.51 ಮೀಟರ್. ಆಮೇಲಿನ ವಿಶ್ಲೇಷಣೆಯಲ್ಲಿ ಆ ಸಂಕೇತ ಹುಟ್ಟಿದ್ದು ನೋಡಿದ ರಾತ್ರಿಗಳ ನಡುವಿನ ಬಿಡುವುಗಳಿಂದ ಎಂದು ತಿಳಿಯಿತು. ಇದರಲ್ಲಿ ಯಂತ್ರದ ತಪ್ಪಿಲ್ಲ. ನಕ್ಷತ್ರದ ಮೈಮೇಲಿನ ಕಲೆ, ಕುದಿತದ ಗದ್ದಲ ಗ್ರಹಕ್ಕಿಂತ ದೊಡ್ಡದಿದ್ದಾಗ ಅದನ್ನು ಕಳೆಯುವ ಲೆಕ್ಕದಲ್ಲೇ ಗ್ರಹ ಹುಟ್ಟಿಬಿಡಬಹುದು.

ನಮ್ಮಲ್ಲಿ ಅಹಮದಾಬಾದಿನ ಭೌತಿಕ ಸಂಶೋಧನಾಲಯ ಮೌಂಟ್ ಅಬುವಿನ ಗುರುಶಿಖರದಲ್ಲಿ 1.2 ಮೀಟರ್ ದೂರದರ್ಶಕಕ್ಕೆ ಪಾರಸ್ ಎಂಬ ಫೈಬರ್ ಯಂತ್ರ ಜೋಡಿಸಿತು. ನಿರ್ವಾತ, ಉಷ್ಣ ನಿಯಂತ್ರಣ, ಪಕ್ಕದಲ್ಲೇ ಥೋರಿಯಂ-ಆರ್ಗಾನ್, ಎಲ್ಲ ಅದೇ ದಾರಿ. 2018ರಲ್ಲಿ ಅದು ಭೂಮಿಯ ಸುಮಾರು 27 ಪಟ್ಟು ತೂಕದ, 19.5 ದಿನಕ್ಕೆ ಸುತ್ತುವ ಗ್ರಹವೊಂದನ್ನು ತೂಗಿತು. ಈಗ 2.5 ಮೀಟರ್ ದೂರದರ್ಶಕಕ್ಕೆ ಪಾರಸ್-2 ಇದೆ. ಲಡಾಖ್‌ನ ಹಾನ್ಲೆಯ 2 ಮೀಟರ್ ದೂರದರ್ಶಕದ ರೋಹಿತಯಂತ್ರಕ್ಕೂ ಫೈಬರ್‌ನದೇ ದಾರಿ. ಆ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ಸುದ್ದಿಯಾಗುವುದು ಕನ್ನಡಿಯ ವ್ಯಾಸ. ಶಾಖ ಹಿಡಿದಿಡುವ ಕೋಣೆ, ಕರೆಂಟ್ ಹೋದಾಗ ಕೈಹಿಡಿಯುವ ಯುಪಿಎಸ್, ಹತ್ತು ವರ್ಷ ಅದನ್ನು ಬಿಡದೆ ನೋಡಿಕೊಳ್ಳುವ ತಂತ್ರಜ್ಞರ ಹುದ್ದೆ, ಇವಕ್ಕೂ ಅಷ್ಟೇ ಉತ್ಸಾಹ ಬೇಕು. ಮಲೆನಾಡಿನ ಮಳೆಗಾಲ ಕಂಡವರಿಗೆ ಕರೆಂಟ್ ವಿಷಯ ವಿವರಿಸಬೇಕಿಲ್ಲ. ಅಷ್ಟು ದೊಡ್ಡ ಪಾತ್ರೆ ಒಮ್ಮೆ ಒಂದು ಡಿಗ್ರಿ ತಪ್ಪಿದರೆ ಮತ್ತೆ ನೆಲೆಗೆ ಬರಲು ದಿನಗಟ್ಟಲೆ ಬೇಕು.

ಚಿಲಿಯ ಎಸ್ಪ್ರೆಸ್ಸೊ ಎಂಬ ಸ್ಪೆಕ್ಟ್ರೋಗ್ರಾಫ್ ಈಗ ಸೆಕೆಂಡಿಗೆ 10 ಸೆಂಟಿಮೀಟರ್ ಗುರಿ ಇಟ್ಟುಕೊಂಡಿದೆ. ಥೋರಿಯಂ ದೀಪ ಹಳೆಯದಾದಂತೆ ಗೆರೆ ಜರುಗುತ್ತದೆ, ದೀಪ ಬದಲಿಸಿದರೆ ಅಳತೆ ಜಿಗಿಯುತ್ತದೆ, ಅದಕ್ಕೇ ಬಾಚಣಿಗೆಯ ಹಲ್ಲಿನಂತೆ ಸಮಾನ ಅಂತರದ ಗೆರೆಗಳನ್ನು ಕೊಡುವ ಲೇಸರ್ ಬಾಚಣಿಗೆ ಬಂದಿದೆ. ಆದರೆ ಭೂಮಿಯಂಥ ಗ್ರಹ ಸೂರ್ಯನಂಥ ನಕ್ಷತ್ರದ ಸುತ್ತ ಇದೆ ಎನ್ನಲು ಕನಿಷ್ಠ ಮೂರು ಸುತ್ತು ನೋಡಬೇಕು. ಅಂದರೆ ಮೂರು ವರ್ಷ ಪಾತ್ರೆ ತೆರೆಯಬಾರದು, ಫೈಬರ್ ಬದಲಿಸಬಾರದು, ಉಷ್ಣತೆ ಡಿಗ್ರಿಯ ಸಾವಿರದ ಒಂದು ಪಾಲು ತಪ್ಪಬಾರದು. ಆಗ ಹಾರ್ಪ್ಸ್‌ನಂಥ ಡಿಟೆಕ್ಟರ್ ಮೇಲೆ ಹುಡುಕಬೇಕಾದ ಜರುಗಾಟ ಒಂದೂವರೆ ನ್ಯಾನೊಮೀಟರ್‌ಗೂ ಕಡಿಮೆ.